ಹೆಲ್ಟರ್‌ಸ್ಕೆಲ್ಟರ್, ಎರಡನೇ ದರ್ಜೆ

ನನ್ನ ತಮ್ಮ ಫಕೀರಪ್ಪನ ಮನೆ ನೋಡಿ ಬಂದ ಐದು ಜನ ಹಿರಿಯರು ತಮ್ಮ ಪುಸ್ತಕದಲ್ಲಿ ಬರೆದದ್ದು ಇಷ್ಟೇ: ಹೆಲ್ಟರ್‌ಸ್ಕೆಲ್ಟರ್, ಎರಡನೇ ದರ್ಜೆ. ಕೂಸನ್ನು ಮೊಣಕಾಲ ಮೇಲೆ ಕೂರಿಸಿಕೊಂಡು ಕುಣಿಸುವಾಗ ಹೇಳುವ ಮಾತಿನ ಹಾಗಿದೆ ಅದು. ಆ ಮಾತನ್ನು ಹಿಡಿದುಕೊಂಡು ಒಬ್ಬ ಮನುಷ್ಯನನ್ನು ಊರು ಬಿಡಿಸಲು ಹೊರಟಿದ್ದರು. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬರಲಿ. ಈ ಕಥೆಯನ್ನು ತಣ್ಣಗೆ ಹೇಳುವವರು ಬೇರೆ ಯಾರಾದರೂ ಇದ್ದರೆ ಅವರು ಹೇಳಲಿ.

ನಮ್ಮ ಊರಿನಲ್ಲಿ ಏನನ್ನಾದರೂ ಮುಚ್ಚಿಟ್ಟವರ ಮನೆಯ ಸಾಮಾನು ಇಟ್ಟಲ್ಲಿ ಇರುವುದಿಲ್ಲ. ಗುಟ್ಟು ಸಣ್ಣದಾದರೆ ಸಾಸಿವೆ ಹೋಗಿ ಜೀರಿಗೆಯಲ್ಲಿ ಬೀಳುತ್ತದೆ. ದೊಡ್ಡದಾದರೆ ಮಂಚ ಗೋಡೆ ಬಿಟ್ಟು ಬಾಗಿಲಿಗೆ ಬರುತ್ತದೆ, ನೆಲುವಿನ ಗಡಿಗೆ ಉರುಳುತ್ತದೆ, ಪೆಟ್ಟಿಗೆಯೊಳಗಿನ ಬಟ್ಟೆಯೆಲ್ಲ ಹೊರಗೆ ಬಿದ್ದಿರುತ್ತದೆ. ಮದುವೆಯಾದ ಹೊಸದರಲ್ಲಿ ನಾನು ಗಂಡನಿಗೆ ಹೇಳದೆ ತವರಿಗೆ ಎರಡು ಸೇರು ಶೇಂಗಾ ಕಳಿಸಿದ್ದೆ. ಮೂರು ದಿನ ನನ್ನ ಸೀರೆಯ ನಿರಿಗೆ ನಿಲ್ಲಲಿಲ್ಲ. ನಾಲ್ಕನೇ ದಿನ ಹೇಳಿಬಿಟ್ಟೆ, ಅವನು ನಕ್ಕ, ನಿರಿಗೆ ನಿಂತಿತು. ಯಾರಿಂದ ಮುಚ್ಚಿಟ್ಟಿದ್ದೇವೋ ಅವರಿಗೇ ಹೇಳಿದರೆ ಹೀಗೆ ಪೂರ್ತಿ ಬಗೆಹರಿಯುತ್ತದೆ. ಬೇರೆ ಯಾರಿಗಾದರೂ ಹೇಳಿಕೊಂಡರೆ ಬಗೆಹರಿಯುವುದಿಲ್ಲ, ಪಾಲಾಗುತ್ತದೆ ಅಷ್ಟೆ. ಅರ್ಧ ಗಲಾಟೆ ನಿನ್ನ ಮನೆಯಲ್ಲಿ, ಅರ್ಧ ಕೇಳಿದವರ ಮನೆಯಲ್ಲಿ.

ಹತ್ತಿ ಗಿರಣಿ ಕಟ್ಟಲು ಹಿಂದೆ ಯಾವನೋ ಬಿಳಿಯ ಇಂಜಿನಿಯರ್ ಬಂದಿದ್ದನಂತೆ. ಅವನಿಗೆ ಇದೆಲ್ಲ ಬಹಳ ತಮಾಷೆಯಾಗಿ ಕಂಡು ಒಂದು ಪಟ್ಟಿ ಮಾಡಿಟ್ಟು ಹೋದ. ಪಾತ್ರೆ ಪಡಗ ಕದಲಿದರೆ ಹಗ್ಗರ್‌ಮಗ್ಗರ್, ಮಂಚ ಪೆಟ್ಟಿಗೆ ಕದಲಿದರೆ ಹೆಲ್ಟರ್‌ಸ್ಕೆಲ್ಟರ್, ಇಡೀ ಮನೆಯೇ ಎದ್ದರೆ ಹರ್ಲಿಬರ್ಲಿ. ಒಂದೊಂದಕ್ಕೂ ಮೂರು ದರ್ಜೆ, ಮೊದಲನೆಯದು ಜೋರು, ಮೂರನೆಯದು ಹಗುರ. ಅವನು ಹೋಗಿ ಎಷ್ಟೋ ಕಾಲವಾಯಿತು, ಪಟ್ಟಿ ಮಾತ್ರ ಉಳಿಯಿತು. ಊರಿನಲ್ಲಿ ಏನಾದರೂ ಅನ್ಯಾಯವಾದರೆ ಐವರು ಹಿರಿಯರು ಹೋಗಿ ಜಗಳಕ್ಕೆ ನಿಂತ ಇಬ್ಬರ ಮನೆಯನ್ನೂ ನೋಡಿ, ಆ ಪಟ್ಟಿಯ ಪ್ರಕಾರ ಶಬ್ದ ಬರೆದು, ಯಾರ ಮನೆ ನೆಟ್ಟಗಿದೆಯೋ ಅವರ ಮಾತು ನಿಜ ಎನ್ನುತ್ತಾರೆ. ಅದಕ್ಕೆ ಮನೆನೋಟ ಎಂದು ಹೆಸರು. ಒಂದು ವಾರ ಬಿಟ್ಟು ಎರಡನೇ ಸಲ ನೋಡಿ ತೀರ್ಮಾನ ಮಾಡುತ್ತಾರೆ.

ಈಗ ನನ್ನ ಕೆಲಸದ ವಿಷಯ ಹೇಳಬೇಕು. ನಾನು ಹೊಂದಿಸುವವಳು. ಉಳ್ಳವರ ಮನೆಗೆ ಬೆಳಿಗ್ಗೆ ಹೋಗಿ, ಬಿದ್ದದ್ದನ್ನು ಎತ್ತಿಡುವುದು, ಚೆಲ್ಲಿದ್ದನ್ನು ಆರಿಸುವುದು, ಜಾರುತ್ತಿರುವುದನ್ನು ಜಾರುವ ಮೊದಲೇ ಹಿಡಿಯುವುದು. ಕೈ ಚುರುಕಿದ್ದರೆ ಒಳಗೆ ಎಂಥ ಗುಟ್ಟಿದ್ದರೂ ಹೊರಗಿನಿಂದ ಬಂದವರಿಗೆ ಮನೆ ಗುಡಿಯಷ್ಟು ನೆಟ್ಟಗೆ ಕಾಣುತ್ತದೆ. ಬಡವರ ಮನೆಯಲ್ಲಿ ಹೊಂದಿಸುವವರು ಎಲ್ಲಿಂದ ಬರಬೇಕು? ಹಾಗಾಗಿ ನಮ್ಮಲ್ಲಿ ಬಡವರೇ ಸುಳ್ಳರು, ಶ್ರೀಮಂತರೆಲ್ಲ ಸತ್ಯವಂತರು. ಇದು ನನಗೆ ಹದಿನಾರು ವರ್ಷ ಗೊತ್ತಿತ್ತು. ಗೊತ್ತಿದ್ದೂ ಆ ಕೆಲಸ ಮಾಡಿದೆ, ಚೆನ್ನಾಗಿಯೇ ಮಾಡಿದೆ, ಊರಿನಲ್ಲಿ ನನ್ನಷ್ಟು ಚುರುಕು ಕೈ ಇನ್ನೊಂದಿಲ್ಲ ಎಂದು ಜಂಬಪಟ್ಟೆ. ನನ್ನ ಸಿಟ್ಟಿನಲ್ಲಿ ನನ್ನ ಪಾಲೂ ಇದೆ.

ನಾನು ಹೋಗುತ್ತಿದ್ದದ್ದು ಗಿರಣಿಯ ಮಾಲೀಕ ಮುರಿಗೆಪ್ಪ ಸಾವ್ಕಾರರ ಮನೆಗೆ. ನನ್ನ ಜೊತೆ ಶಂಕ್ರವ್ವ ಎಂಬ ಇನ್ನೊಬ್ಬಳು. ತಮ್ಮ ಫಕೀರಪ್ಪ ಅದೇ ಗಿರಣಿಯ ಮುಂದಿನ ಗೇಟಿನಲ್ಲಿ ವಾಚ್‌ಮನ್. ಒಂದು ಮಂಗಳವಾರ ಮಧ್ಯಾಹ್ನ ಗಿರಣಿಯಲ್ಲಿ ಬೆಂಕಿ ಬಿತ್ತು. ಹತ್ತಿ ಹಸನು ಮಾಡುವ ಹೆಣ್ಣುಮಕ್ಕಳು ಹಿಂದಿನ ಬಾಗಿಲಿಗೆ ಓಡಿದರು. ಅದಕ್ಕೆ ಹೊರಗಿನಿಂದ ಕೀಲಿ ಹಾಕಿತ್ತು. ಫಕೀರಪ್ಪ ಕಿಟಕಿಯ ಸರಳು ಕಿತ್ತು ಏಳು ಜನರನ್ನು ಎಳೆದು ಹಾಕಿದ. ಎರಡೂ ಕೈ ಮೊಣಕೈವರೆಗೆ ಸುಟ್ಟವು. ಮುದುಕಿ ಬೀಬಿಜಾನ್ ಮತ್ತು ಗಂಡ ಸತ್ತ ಮೇಲೆ ಅತ್ತೆಯನ್ನು ಸಾಕಿಕೊಂಡಿದ್ದ ರುದ್ರವ್ವ, ಇವರಿಬ್ಬರು ಒಳಗೇ ಉಳಿದರು.

ಕೀಲಿ ಹಾಕಿದವರು ಯಾರು? "ಕೀಲಿಕೈ ಸಾವ್ಕಾರ್ರ ಕಡೆ ಇರ್ತದ. ಹೆಣ್ಣುಮಕ್ಕಳು ನೀರು ಕುಡ್ಯಾಕ ಹೋಗಿ ಹೊತ್ತು ಕಳಿತಾರ ಅಂತ ಅವ್ರ ಹಾಕಸ್ತಾರ" ಎಂದ ಫಕೀರಪ್ಪ. "ಕೀಲಿಕೈ ಇಂವನ ಕಡೆನ ಇತ್ತು. ಕೀಲಿ ಹಾಕಿ ಎಲ್ಲೋ ತಿರಗಾಕ ಹೋಗ್ಯಾನ" ಎಂದರು ಸಾವ್ಕಾರರು. ಎರಡು ಮಾತು, ಎರಡು ಮನೆ. ಗುರುವಾರ ಮನೆನೋಟ ಎಂದು ಗೊತ್ತಾಯಿತು.

ಗೊತ್ತಾದದ್ದು ಸಾವ್ಕಾರರಿಗೆ. ದೊಡ್ಡ ಮನೆಗೆ ಹಿಂದಿನ ದಿನವೇ ಹೇಳಿ ಕಳಿಸುವುದು ಮರ್ಯಾದೆಯಂತೆ. ಬಡವರ ಮನೆಗೆ ಹೇಳದೆ ಕೇಳದೆ ನುಗ್ಗಬಹುದು. ಆ ಗುರುವಾರ ನಾನು ಹೋದಾಗ ಸಾವ್ಕಾರರ ಮನೆ ಹರ್ಲಿಬರ್ಲಿ. ಕಪಾಟಿನ ಬಾಗಿಲು ಬಡಿದುಕೊಳ್ಳುತ್ತಿತ್ತು, ಬೆಳ್ಳಿ ಲೋಟಗಳು ಪಡಸಾಲೆಯ ತುಂಬ ಉರುಳಾಡುತ್ತಿದ್ದವು, ತೂಗುಮಂಚ ತನ್ನಷ್ಟಕ್ಕೇ ತೂಗುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನೋಡಿದ ತಕ್ಷಣ ನನಗೆ ತಿಳಿಯಿತು. ಆದರೂ ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತೆ. ಯಾಕೆ ಗೊತ್ತೇ? ನನ್ನ ತಮ್ಮನ ಮನೆ ನೆಟ್ಟಗೇ ಇರುತ್ತದೆ ಎಂಬ ನಂಬಿಕೆ. ಚಿಕ್ಕವನಿದ್ದಾಗ ಬೆಲ್ಲ ಕದ್ದರೆ ಬಾಯಿ ಒರೆಸಿಕೊಳ್ಳುವ ಮೊದಲೇ ಬಂದು ಹೇಳುತ್ತಿದ್ದ ಹುಡುಗ ಅವನು. ಎರಡೂ ಮನೆ ನೆಟ್ಟಗೆ ಕಂಡರೆ ಯಾರ ತಪ್ಪೂ ಅಲ್ಲವೆಂದು ಬರೆಯುತ್ತಾರೆ, ತಮ್ಮನೂ ಉಳಿಯುತ್ತಾನೆ, ನನ್ನ ಕೆಲಸವೂ ಉಳಿಯುತ್ತದೆ ಎಂದುಕೊಂಡೆ. ಐವರ ಮುಖ್ಯಸ್ಥ ರಾಘಪ್ಪ ಮಾಸ್ತರರು ಪಡಸಾಲೆಯಲ್ಲಿ ಕೂತು ಚಹಾ ಕುಡಿಯುವಾಗ ನಾನು ಅವರ ಬೆನ್ನ ಹಿಂದೆ ನಿಂತು ಗಡಿಯಾರ ಬೀಳದಂತೆ ಗೋಡೆಗೆ ಒತ್ತಿ ಹಿಡಿದಿದ್ದೆ. ಮಾಸ್ತರರು "ಎಲ್ಲಾ ನೆಟ್ಟಗ ಐತಿ" ಎಂದು ಬರೆದುಕೊಂಡು ಎದ್ದರು. ಅಲ್ಲಿಂದ ನೇರವಾಗಿ ಫಕೀರಪ್ಪನ ಮನೆಗೆ ಹೋಗಿ ಆ ಇಂಗ್ಲಿಷ್ ಶಬ್ದ ಬರೆದರು.

ಸುದ್ದಿ ಕೇಳಿ ನಾನು ಓಡಿದೆ. ಒಂದೇ ಕೋಣೆಯ ಮನೆ, ಕಾಲಿಡಲು ಜಾಗವಿರಲಿಲ್ಲ. ಹಾಸಿಗೆ ಒಲೆಯ ಹತ್ತಿರ, ಒಲೆಯ ಬೂದಿ ಹಾಸಿಗೆಯ ಮೇಲೆ. ಅವನು ಸುಟ್ಟ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯದಲ್ಲಿ ಕೂತಿದ್ದ. ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು, ದೇವರಾಣೆ.

"ಏನ್ ಮುಚ್ಚಿಟ್ಟೀ? ನನಗರ ಹೇಳ" ಎಂದೆ.

ಅವನು ಹೇಳಿದ. ನೀವು ಈ ಊರಿನವರಲ್ಲ ಎಂಬ ಧೈರ್ಯಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಹೊರಗಿನವರಿಗೆ ಹೇಳಿದ್ದು ನಮ್ಮಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಈ ಸಾಲು ಬರೆಯುವಾಗಲೂ ಹಿಂದೆ ಅಡುಗೆಮನೆಯಲ್ಲಿ ತಟ್ಟೆ ಬಿದ್ದ ಸಪ್ಪಳ ಕೇಳಿತು.

"ನಾನು, ರುದ್ರವ್ವ ಲಗ್ನ ಆಗೋರಿದ್ವಿ ಅಕ್ಕಾ" ಎಂದ. "ಮುಂದಿನ ತಿಂಗಳ ಆಕಿ ಅತ್ತಿಗೆ ಹೇಳೋರಿದ್ವಿ. ಮೊದಲ ಹೇಳಿದ್ರ ಮುದುಕಿ ಎದಿ ಒಡಕೋತಾಳ ಅಂತ ತಡದಿದ್ವಿ."

"ಈಗ ಹೇಳಲಾ. ಮನಿ ನೆಟ್ಟಗಾಗ್ತದ. ನೀ ಉಳೀತಿ."

"ಆ ಮುದುಕಿ ನಮ್ಮ ಸೊಸಿ ದೇವ್ರಂಥಾಕಿ, ನನ್ನ ಬಿಟ್ಟು ಒಂದ್ ದಿನ ಇರಲಿಲ್ಲ ಅಂತ ಹೇಳ್ಕೋತ ಅಳಾಕತ್ತೈತಿ. ಆಕಿಗೆ ಉಳಿದಿದ್ದ ಅದೊಂದ. ಸತ್ತಾಕಿ ಹೆಸರು ಮಂದಿ ಬಾಯಾಗ ಹಾಕಿ ನಾ ಉಳೀಬೇಕೇನು? ಹಾಕಂಗಿಲ್ಲ."

ಎರಡನೇ ನೋಟದ ಹೊತ್ತಿಗೆ ನಾನೇ ಬಂದು ಹೊಂದಿಸಿ ಕೊಡುತ್ತೇನೆ ಎಂದೆ. ಬಿದ್ದಿದ್ದ ಒಂದು ಚೊಂಬಿಗೆ ಕೈ ಹಾಕಿದರೆ ಅವನು ಸುಟ್ಟ ಕೈಯನ್ನೇ ಅಡ್ಡ ತಂದ. "ಬ್ಯಾಡಕ್ಕಾ. ಹಿಂಗ ಇರ್ಲಿ. ಆಕಿದು ಅಂತ ನನ್ನ ಹತ್ರ ಉಳಿದಿದ್ದ ಈ ಗದ್ದಲ ಒಂದ" ಎಂದ. ಅಷ್ಟು ಹೇಳಿದ ಮೇಲೆ ಅವನ ಮನೆಯ ಗದ್ದಲ ಅರ್ಧ ಇಳಿಯಿತು. ನಾನು ಮನೆಗೆ ಬಂದು ನೋಡಿದರೆ ನನ್ನ ಖಾರದ ಡಬ್ಬಿ ಕೆಳಗೆ ಬಿದ್ದಿತ್ತು, ಮಣೆ ಗೋಡೆ ಹತ್ತುತ್ತಿತ್ತು. ನಾನು ಎತ್ತಿಡಲಿಲ್ಲ.

ಆ ಒಂದು ವಾರ ಊರಿನವರು ಏನೇನು ಅಂದರು ಎಂದು ಬರೆದರೆ ಕಾಗದ ಸುಟ್ಟೀತು. ಫಕೀರಪ್ಪನ ಕೈ ನೋಡಿದವರೂ ಅಂದರು. ಅವನು ಎಳೆದು ಹಾಕಿದ ಏಳು ಜನರಲ್ಲೇ ಇಬ್ಬರು, "ಮನಿ ಹಂಗ್ಯಾಕ ಇತ್ತಂತ ಮತ್ತ?" ಎಂದು ನನ್ನನ್ನೇ ಕೇಳಿದರು. ಕೆಟ್ಟವರಲ್ಲ ಅವರು. ನಮ್ಮ ಊರಿನವರಿಗೆ ಮನುಷ್ಯನ ಮುಖಕ್ಕಿಂತ ಅವನ ಪಾತ್ರೆ ಹೆಚ್ಚು ಹೇಳುತ್ತದೆ. ಚಿಕ್ಕಂದಿನಿಂದ ಹಾಗೆಯೇ ಕಲಿತಿದ್ದೇವೆ.

ಎರಡನೇ ಗುರುವಾರ ನಾನು ಎಂದಿನಂತೆ ಸಾವ್ಕಾರರ ಮನೆಗೆ ಹೋದೆ. ಐವರು ಬಂದು ಪಡಸಾಲೆಯಲ್ಲಿ ಕೂರುವವರೆಗೆ ಎಲ್ಲವನ್ನೂ ಹೊಂದಿಸಿದೆ. ಚಹಾ ಬಂತು. ಆಗ ನಾನು ಸಿಕ್ಕಿಸಿದ್ದ ಸೆರಗು ಬಿಟ್ಟು, ಪಡಸಾಲೆಯ ಕಂಬಕ್ಕೆ ಒರಗಿ, ಕೈ ಕಟ್ಟಿ ನೆಲದ ಮೇಲೆ ಕೂತೆ. ಶಂಕ್ರವ್ವ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ತನ್ನ ಕೈಯಲ್ಲಿದ್ದ ಹೂಜಿಯನ್ನು ನೋಡಿದಳು, ಹೂಜಿಯನ್ನು ಕೆಳಗಿಟ್ಟು ನನ್ನ ಪಕ್ಕ ಬಂದು ಕೂತಳು. ಅವಳಿಗೆ ನಾನು ಮೊದಲೇ ಏನೂ ಹೇಳಿರಲಿಲ್ಲ. ಬೀಬಿಜಾನ್ ಅವಳ ಓಣಿಯವಳು.

ಮೊದಲು ಗಡಿಯಾರ ಬಿತ್ತು. ಆಮೇಲೆ ಕಪಾಟಿನ ಬಾಗಿಲು ತೆರೆದುಕೊಂಡು ಲೋಟಗಳು ಒಂದೊಂದಾಗಿ ಇಳಿದವು. ಸಾವ್ಕಾರರ ಹೆಂಡತಿ ಒಳಗಿನಿಂದ ಓಡಿ ಬಂದು "ತಂಗೆವ್ವಾ, ಏಳವಾ, ಏನ್ ಕುಂತೀ?" ಎಂದರು. "ಕಾಲ ನೋಯಾಕತ್ಯಾವ್ರಿ ಅವ್ವಾರ" ಎಂದೆ. ಸಾವ್ಕಾರರೇ ಎದ್ದು ತೂಗುಮಂಚ ಹಿಡಿಯಲು ಹೋದರು. ಹದಿನಾರು ವರ್ಷದಲ್ಲಿ ಆ ಮನೆಯ ಒಂದು ಚಮಚ ಎತ್ತಿಡದವರಿಗೆ ತೂಗುಮಂಚ ಎಲ್ಲಿ ಸಿಗುತ್ತದೆ? ಮೊಣಕಾಲಿಗೆ ಬಡಿಸಿಕೊಂಡು ಕೂತರು. ಐವರ ಚಹಾದ ಕಪ್ಪು ಬಸಿಗಳು ಕೈ ಬಿಟ್ಟು ಹೊರಟವು.

ಮುಗಿಯಿತು, ಈಗ ಸಾವ್ಕಾರರು ಎಲ್ಲರ ಎದುರು ಹೇಳುತ್ತಾರೆ ಎಂದುಕೊಂಡೆ. ಹುಚ್ಚಿ ನಾನು. ಸಾವ್ಕಾರರು "ಮಾಸ್ತರ್ರ, ಸ್ವಲ್ಪ ಒಳಗ ಬರ್ರಿ. ಎಲ್ಲಾರೂ ಬರ್ರಿ" ಎಂದು ಐವರನ್ನೂ ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಪಿಸುಪಿಸು ಕೇಳಿಸಿತು. ಪಡಸಾಲೆಯ ಗದ್ದಲ ನೋಡನೋಡುತ್ತ ಇಳಿಯಿತು. ಒಬ್ಬನ ಹೊರೆ ಆರು ಪಾಲಾಗಿತ್ತು. ಹೊರಗೆ ಬಂದ ಮಾಸ್ತರರು ನನ್ನ ಕಡೆ ನೋಡದೆ ಪುಸ್ತಕ ತೆಗೆದು, "ಸಾವ್ಕಾರ್ರ ಮನಿ ನೆಟ್ಟಗ ಐತಿ. ಫಕೀರಪ್ಪ ಶನಿವಾರದೊಳಗ ಊರು ಬಿಡಬೇಕು" ಎಂದು ಓದಿದರು. ಓದುವಾಗಲೇ ಪುಸ್ತಕದ ಹೊಲಿಗೆ ಬಿಚ್ಚಿ ಎರಡು ಹಾಳೆ ಅವರ ಕಾಲ ಮೇಲೆ ಬಿದ್ದವು. ಅವರು ಬಗ್ಗಿ ಎತ್ತಿಕೊಂಡರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ತಿರ ಹೇಳಬೇಕು? ನಾನು ಬಾಯಿಗೆ ಬಂದದ್ದು ಅಂದೆ. ಏನಂದೆ ಎಂದು ನೆನಪಿಲ್ಲ. ಶಂಕ್ರವ್ವ ನನ್ನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದಳು.

ಆದರೆ ಶಂಕ್ರವ್ವ ಹೊರಗೆ ಬಂದ ಮೇಲೆ ಸುಮ್ಮನಿರಲಿಲ್ಲ. ಊರಿನಲ್ಲಿ ನಾವು ಹೊಂದಿಸುವವರು ಹನ್ನೊಂದು ಜನ. ಅವಳು ಉಳಿದ ಒಂಬತ್ತು ಜನರ ಮನೆಗೂ ಹೋದಳು. ಶುಕ್ರವಾರ ಬೆಳಿಗ್ಗೆ ಐವರ ಮನೆಗಳಿಂದಲೂ ಕರೆ ಬಂತು, ಒಬ್ಬರೂ ಹೋಗಲಿಲ್ಲ. ಒಬ್ಬಳಿಗೆ ಜ್ವರ, ಒಬ್ಬಳಿಗೆ ಸೊಂಟ ನೋವು, ಒಬ್ಬಳಿಗೆ ಸುಮ್ಮನೆ ಮನಸ್ಸಿಲ್ಲ. ಮಧ್ಯಾಹ್ನ ಮಾಸ್ತರರೇ ನನ್ನ ಬಾಗಿಲಿಗೆ ಬಂದರು. ಒಂದು ಕೈಯಲ್ಲಿ ಧೋತರ ಹಿಡಿದುಕೊಂಡಿದ್ದರು, ಕಾಲಲ್ಲಿ ಎರಡು ಬೇರೆ ಬೇರೆ ಜೋಡಿನ ಚಪ್ಪಲಿ.

"ತಂಗೆವ್ವಾ, ಒಂದಿಷ್ಟ ಮನಿಗಿ ಬಂದ್ ಹೋಗವಾ. ಹಿಟ್ಟಿನ್ಯಾಗ ಸುಣ್ಣ ಬೀಳಾಕತ್ತೈತಿ. ಮನ್ಯಾಗ ಸಣ್ಣ ಹುಡುಗ್ರು ಅದಾವು."

"ಏನ್ ಮುಚ್ಚಿಟ್ಟೀರಿ ಮಾಸ್ತರ್ರ?"

ಅವರು ಓಣಿಯ ಆ ಕಡೆ ಈ ಕಡೆ ನೋಡಿ ದನಿ ಇಳಿಸಿ ಹೇಳಿದರು: "ನಿನ್ನ ತಮ್ಮಂದು ದರ್ಜೆ ಇಳಸ್ತೀನಿ. ಹಗ್ಗರ್‌ಮಗ್ಗರ್, ಮೂರನೇದು ಅಂತ ಬರೀತೀನಿ. ಊರು ಬಿಡೂದ ಬ್ಯಾಡ. ಆತಿಲ್ಲೋ?"

ಸುಳ್ಳು ಯಾಕೆ ಹೇಳಲಿ, "ಆತ್ರಿ" ಎನ್ನುವ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ತಮ್ಮ ಊರಿನಲ್ಲಿ ಉಳಿಯುತ್ತಾನೆ, ದಿನಕ್ಕೊಮ್ಮೆ ನನ್ನ ಕೈಯ ರೊಟ್ಟಿ ತಿನ್ನುತ್ತಾನೆ, ನನಗೆ ಇನ್ನೇನು ಬೇಕು? ಆಮೇಲೆ ಯೋಚನೆ ಬಂತು. ಉಳಿಯುತ್ತಾನೆ, ಆದರೆ ಕೀಲಿ ಹಾಕಿ ಇಬ್ಬರನ್ನು ಸುಟ್ಟವನು ಎಂದೇ ಉಳಿಯುತ್ತಾನೆ. ರುದ್ರವ್ವನನ್ನು ಸುಟ್ಟವನು ಎಂದು. ಅವಳ ಅತ್ತೆ ಅವನನ್ನು ಕಂಡಾಗಲೆಲ್ಲ ಮಣ್ಣು ತೂರುತ್ತಾಳೆ, ಅವನು ತೂರಿಸಿಕೊಳ್ಳುತ್ತಾನೆ. ನನ್ನ ಮೈಯೆಲ್ಲ ಉರಿಯಿತು.

"ಹಗ್ಗರ್ ಬ್ಯಾಡ, ಮಗ್ಗರ್ ಬ್ಯಾಡ" ಎಂದೆ. "ಮಂದಿ ಸತ್ತಾಗ ಆಡೋ ಮಾತಲ್ಲ ಅವು. ಬಾಗಲಕ್ಕ ಕೀಲಿ ಹಾಕ್ಸಿದ್ದು ಯಾರು, ಅದನ್ನ ಹೇಳ್ರಿ. ನನಗಲ್ಲ, ನನಗ ಗೊತ್ತೈತಿ. ನಾಳೆ ಮುಂಜಾನೆ ಗಿರಣಿ ಮುಂದ ನಿಂತು ಹೆಣ್ಣುಮಕ್ಕಳಿಗೆ ಹೇಳ್ರಿ."

"ಸಾವ್ಕಾರ್ರು ಏನಂದಾರು?"

"ಅವ್ರು ಏನರ ಅನ್ಲಿ. ನೀವು ಸುಣ್ಣದ ರೊಟ್ಟಿ ತಿನ್ರಿ ಹಂಗಾರ" ಎಂದು ಬಾಗಿಲು ಹಾಕಿಕೊಂಡೆ. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ. ಮಾಸ್ತರರು ಗಿರಣಿ ಮುಂದೆ ಬರದಿದ್ದರೆ ಶನಿವಾರ ಸಂಜೆಗೆ ತಮ್ಮ ಇರುವುದಿಲ್ಲ, ಅವನನ್ನು ಉಳಿಸಿಕೊಳ್ಳುವ ಮಾತನ್ನು ನಾನೇ ಬಾಗಿಲಿಂದ ಹೊರಗೆ ಹಾಕಿದ್ದೆ.

ಶನಿವಾರ ಬೆಳಿಗ್ಗೆ ಗಿರಣಿಯ ಭೋಂಗಾ ಕೂಗುವ ಮೊದಲೇ ನಾವು ಹನ್ನೊಂದು ಜನ ಗೇಟಿನ ಹತ್ತಿರ ನಿಂತೆವು. ಫಕೀರಪ್ಪ ಗಂಟು ಕಟ್ಟಿಕೊಂಡು ಬಂದಿದ್ದ. ಕೈಗೆ ಬಟ್ಟೆ ಸುತ್ತಿದ್ದರಿಂದ ಗಂಟನ್ನು ತೋಳಿಗೆ ಸಿಕ್ಕಿಸಿಕೊಂಡಿದ್ದ. ಕೆಲಸದ ಹೆಣ್ಣುಮಕ್ಕಳು ಬಂದರು, ಸತ್ತವರ ಮನೆಯವರು ಬಂದರು. ಭೋಂಗಾ ಕೂಗಿತು. ಒಳಗೆ ಹೋಗುವ ಹೊತ್ತಾಯಿತು. ಆಗ ಮಾಸ್ತರರು ಉಳಿದ ನಾಲ್ವರನ್ನು ಹಿಂದಿಟ್ಟುಕೊಂಡು ಬಂದರು. ನೆಲ ನೋಡುತ್ತ ಏನೋ ಅಂದರು.

"ಕೇಳಸಂಗಿಲ್ರಿ" ಎಂದಳು ಹಿಂದೆ ನಿಂತವಳೊಬ್ಬಳು.

ಇನ್ನೊಮ್ಮೆ ಅಂದರು. "ಇನ್ನೂ ಕೇಳಸಂಗಿಲ್ರಿ."

ಮೂರನೇ ಸಲ ತಲೆ ಎತ್ತಿ ಹೇಳಿದರು: "ಹಿಂದಿನ ಬಾಗಲಕ್ಕ ಕೀಲಿ ಹಾಕ್ಸಿದ್ದು ಮುರಿಗೆಪ್ಪ ಸಾವ್ಕಾರ್ರು. ಕೀಲಿಕೈ ಅವ್ರ ಕಿಸೆದಾಗಿತ್ತು. ಫಕೀರಪ್ಪಂದು ಏನೂ ತಪ್ಪಿಲ್ಲ. ನಮಗ ಗುರುವಾರನ ಗೊತ್ತಾಗಿತ್ತು."

ಬೀಬಿಜಾನಳ ಮಗಳು ಮುಂದೆ ಬಂದು, "ಇಷ್ಟ ಮಾತ ಹೇಳಾಕ ಹನ್ನೊಂದ ದಿನ ಬೇಕಾತೇನ್ರಿ?" ಎಂದಳು. ಹೆಣ್ಣುಮಕ್ಕಳು ಗಿರಣಿಯ ಹಿಂದಕ್ಕೆ ಹೋಗಿ ಆ ಸುಟ್ಟ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ರಸ್ತೆಗೆ ಹಾಕಿದರು. ಸಾವ್ಕಾರರ ಮೇಲೆ ಕೇಸಾಯಿತು. ಅವರಿಗೆ ಎದೆನೋವಂತೆ, ಜಾಮೀನಂತೆ, ತಾರೀಖಂತೆ, ನಡೆದೇ ಇದೆ. ಗುಟ್ಟು ಹೊರಬಿದ್ದ ಮೇಲೆ ಅವರ ಮನೆ ಮಾತ್ರ ಹೊಂದಿಸುವವರು ಇಲ್ಲದೆಯೂ ನೆಟ್ಟಗಿದೆ. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಅನ್ನ ಇಳಿಯುವುದಿಲ್ಲ.

ಫಕೀರಪ್ಪ ಊರಿನಲ್ಲೇ ಇದ್ದಾನೆ. ಕೈಯ ಚರ್ಮ ಬಿಗಿದುಕೊಂಡು ಬೆರಳು ಪೂರ್ತಿ ಮಡಚಲು ಬರುವುದಿಲ್ಲ. ರುದ್ರವ್ವನ ಅತ್ತೆ ಅವನನ್ನು ಕರೆದು, "ನನ್ನ ಸೊಸಿನ್ನ ತಗ್ಯಾಕ ಹೋಗಿ ಕೈ ಸುಟ್ಕೊಂಡ್ಯಲ್ಲೋ ಮಗನ" ಎಂದು ಅತ್ತಳಂತೆ. ಈಗ ವಾರಕ್ಕೆರಡು ಸಲ ಆಕೆಗೆ ನೀರು ತಂದು ಹಾಕುತ್ತಾನೆ, ಕೊಡದ ಕಂಠಕ್ಕೆ ತೋಳು ಸುತ್ತಿ. ಅವಳು ಸೊಸೆಯ ವಿಷಯ ಮಾತಾಡುತ್ತಾಳೆ, ಅವನು ಕೇಳುತ್ತಾನೆ. ಅವನ ಮನೆಯಲ್ಲಿ ಈಗಲೂ ಅರ್ಧ ಸಾಮಾನು ನೆಲದ ಮೇಲೆಯೇ. ಇನ್ನರ್ಧ ಗದ್ದಲ ನನ್ನ ಮನೆಯಲ್ಲಿ.

ಊರು ಸುಮ್ಮನಿರುತ್ತದೆಯೇ? ಎರಡು ತಿಂಗಳು ಕಳೆದ ಮೇಲೆ ಐವರು ನನ್ನ ಮನೆಗೂ ಬಂದರು, ಹೇಳದೆ ಕೇಳದೆ. ಅದೇ ಮಾಸ್ತರರು. ಪುಸ್ತಕಕ್ಕೆ ಹೊಸದಾಗಿ ಹೊಲಿಗೆ ಹಾಕಿಸಿದ್ದರು. ಉರುಳಾಡುತ್ತಿದ್ದ ಪಾತ್ರೆಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ನಿಂತು, "ತಂಗೆವ್ವಾ, ಊರಾಗ ಎಲ್ಲಾರೂ ಕೇಳಾಕತ್ತಾರ. ನಿನ್ನಂಥಾ ಹೊಂದಸಾಕಿ ಮನಿ ಹಿಂಗ್ಯಾಕ ಐತಿ? ಏನರ ಮುಚ್ಚಿಟ್ಟಿಯೇನು?" ಎಂದರು.

"ಹೌದ್ರಿ, ಮುಚ್ಚಿಟ್ಟೀನಿ" ಎಂದೆ.

ಮಾಸ್ತರರು ಗಾಬರಿಯಾದರು. ನಮ್ಮ ಊರಿನಲ್ಲಿ ಅಲ್ಲಿಯವರೆಗೆ ಯಾರೂ ಹಾಗೆ ಹೇಳಿದವರಿಲ್ಲ. "ಏನದು?" ಎಂದರು.

"ಅದರಿಂದ ಯಾರೂ ಸತ್ತಿಲ್ಲ. ಯಾರ್ನೂ ಒಳಗ ಹಾಕಿ ಕೀಲಿ ಜಡದಿಲ್ಲ. ನಂದದು, ನಾ ಹೇಳಂಗಿಲ್ಲ. ನಾನಿರೋತನಕ ಈ ಮನಿ ಹಿಂಗ ಇರ್ತದ. ನಿಮಗೇನ್ ಬೇಕೋ ಬರ್ಕೊಂಡು ನಡೀರಿ" ಎಂದು ಹೇಳಿ, ಅವರ ಕಾಲ ನಡುವೆ ಉರುಳುತ್ತಿದ್ದ ಚೊಂಬನ್ನು ಹಾಗೆಯೇ ಉರುಳಲು ಬಿಟ್ಟೆ.